ಲೋಹದೊಳಗೆ ಶೂನ್ಯ: ವಾಹಕಗಳಲ್ಲಿ ವಿದ್ಯುದಾವೇಶದ ನಡೆ ಮತ್ತು ಸಿಡಿಲಿನಿಂದ ರಕ್ಷಣೆ

ಗುಡುಗು-ಸಿಡಿಲಿನ ಮಳೆಯ ವೇಳೆ ಕಾರಿನೊಳಗೆ ಕುಳಿತವರಿಗೆ ಅಪಾಯ ಕಡಿಮೆ ಎಂಬುದು ನಿಜ. ಆದರೆ ಅದಕ್ಕೆ ಟೈರುಗಳ ರಬ್ಬರು ಕಾರಣ ಎಂಬ ಜನಜನಿತ ವಿವರಣೆ ಸರಿಯಲ್ಲ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ನೆಲಕ್ಕಿಳಿಯುವ ಸಿಡಿಲಿಗೆ ನಾಲ್ಕಾರು ಅಂಗುಲದ ರಬ್ಬರು ಅಡ್ಡಿಯೇ ಅಲ್ಲ. ಅದೇ ರಬ್ಬರಿನ ಟೈರುಗಳಿರುವ ಮೋಟಾರ್ ಸೈಕಲ್ ತನ್ನ ಸವಾರನನ್ನು ಕಾಪಾಡುವುದಿಲ್ಲ ಎಂಬುದೇ ಇದಕ್ಕೆ ಸಾಕ್ಷಿ. ಕಾರಿನಲ್ಲಿ ಕಾಪಾಡುವುದು ಸುತ್ತಲಿನ ಲೋಹದ ಕವಚ. ಅದು ವಿದ್ಯುತ್ತನ್ನು ತಡೆದು ಕಾಪಾಡುವುದಲ್ಲ. ತನ್ನ ಹೊರಮೈ ಮೇಲೆ ಹರಿಯಗೊಟ್ಟು ಕಾಪಾಡುತ್ತದೆ.

ಈ ವ್ಯತ್ಯಾಸವನ್ನು ಅರಿಯದೆ ಮರದ ಬುಡದಲ್ಲಿ, ತಗಡಿನ ಚಾವಣಿಯ ತೆರೆದ ತಂಗುದಾಣದಲ್ಲಿ ಆಸರೆ ಪಡೆಯುವವರು ಇಂದಿಗೂ ಬಹಳ ಮಂದಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಆ ವರ್ಷ ಪ್ರಕೃತಿ ವಿಕೋಪಗಳಿಂದ ಸಂಭವಿಸಿದ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇದರದೇ. ವಾಹಕದಲ್ಲಿ ವಿದ್ಯುದಾವೇಶ ಹೇಗೆ ವರ್ತಿಸುತ್ತದೆ ಎಂಬ ಭೌತವಿಜ್ಞಾನದ ಪಾಠ ಪರೀಕ್ಷೆಗೆ ಮಾತ್ರ ಸೀಮಿತವಾದುದಲ್ಲ.

ವಾಹಕ ಎಂದರೇನು?

ವಸ್ತುಗಳನ್ನು ವಾಹಕ ಮತ್ತು ಅವಾಹಕ ಎಂದು ಬೇರ್ಪಡಿಸಿ ನೋಡಲು ಮೊದಲಿಗೆ ದಾರಿ ಮಾಡಿದವರು ಇಂಗ್ಲೆಂಡಿನ ಸ್ಟೀಫನ್ ಗ್ರೇ. 1729ರಲ್ಲಿ ಅವರು ನಡೆಸಿದ ಪ್ರಯೋಗಗಳಲ್ಲಿ ಉಜ್ಜಿದ ಗಾಜಿನ ಕೊಳವೆಯ ವಿದ್ಯುತ್ ಗುಣವು ಕೆಲವು ವಸ್ತುಗಳ ಮೂಲಕ ದೂರ ಸಾಗುತ್ತದೆ, ರೇಷ್ಮೆಯಂಥ ವಸ್ತುಗಳಲ್ಲಿ ಸಾಗುವುದಿಲ್ಲ ಎಂಬುದು ಕಂಡುಬಂತು. ಇದರ ಕಾರಣ ತಿಳಿಯಲು ಎಲೆಕ್ಟ್ರಾನಿನ ಶೋಧದವರೆಗೆ, ಅಂದರೆ 1897ರ ನಂತರದವರೆಗೆ ಕಾಯಬೇಕಾಯಿತು.

ಲೋಹದಲ್ಲಿ ಪ್ರತಿ ಪರಮಾಣುವಿನ ಹೊರಗಿನ ಒಂದೆರಡು ಎಲೆಕ್ಟ್ರಾನುಗಳು ಆ ಪರಮಾಣುವಿಗೇ ಕಟ್ಟುಬಿದ್ದಿರುವುದಿಲ್ಲ. ಇಡೀ ಲೋಹದ ತುಂಡೇ ಅವುಗಳ ಸಂಚಾರಕ್ಷೇತ್ರ. ಒಂದು ಘನ ಮಿಲಿಮೀಟರ್ ತಾಮ್ರದಲ್ಲಿ ಇಂತಹ ಮುಕ್ತ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು 8.5 ಲಕ್ಷ ಕೋಟಿ ಕೋಟಿ. ಗಾಜು, ರಬ್ಬರು, ಒಣ ಮರ, ಪ್ಲಾಸ್ಟಿಕ್‌ಗಳಲ್ಲಿ ಎಲೆಕ್ಟ್ರಾನುಗಳು ತಮ್ಮ ಪರಮಾಣುಗಳನ್ನು ಬಿಟ್ಟು ಹೋಗಲಾರವು. ಉಪ್ಪುನೀರು, ಒದ್ದೆ ಮಣ್ಣು ಹಾಗೂ ಮನುಷ್ಯನ ದೇಹ ಇವೆರಡರ ನಡುವಿನವು. ಅಲ್ಲಿ ವಿದ್ಯುತ್ತನ್ನು ಒಯ್ಯುವುದು ಎಲೆಕ್ಟ್ರಾನುಗಳಲ್ಲ, ಅಯಾನುಗಳು.

ಒಳಗೆ ಕ್ಷೇತ್ರವಿಲ್ಲ

ಆವೇಶವೊಂದು ತನ್ನ ಸುತ್ತಲಿನ ಇತರ ಆವೇಶಗಳ ಮೇಲೆ ಬಲ ಬೀರುವ ವ್ಯಾಪ್ತಿಯನ್ನು ವಿದ್ಯುತ್ ಕ್ಷೇತ್ರ ಎನ್ನುತ್ತಾರೆ. ತಾಮ್ರದ ಗುಂಡೊಂದನ್ನು ಇಂತಹ ಕ್ಷೇತ್ರದಲ್ಲಿ ಇರಿಸಿದರೆ ಅದರೊಳಗಿನ ಮುಕ್ತ ಎಲೆಕ್ಟ್ರಾನುಗಳು ಕೂಡಲೇ ಸರಿಯತೊಡಗುತ್ತವೆ. ಗುಂಡಿನ ಒಂದು ಬದಿಯಲ್ಲಿ ಅವು ನೆರೆದು ಋಣ ಆವೇಶ ಹೆಚ್ಚುತ್ತದೆ, ಎದುರು ಬದಿಯಲ್ಲಿ ಕೊರತೆಯಾಗಿ ಧನ ಆವೇಶ ಉಳಿಯುತ್ತದೆ. ಹೀಗೆ ಬೇರ್ಪಟ್ಟ ಆವೇಶಗಳು ಹೊರಗಿನ ಕ್ಷೇತ್ರಕ್ಕೆ ವಿರುದ್ಧವಾದ ಮತ್ತೊಂದು ಕ್ಷೇತ್ರವನ್ನು ಗುಂಡಿನೊಳಗೆ ಹುಟ್ಟಿಸುತ್ತವೆ. ಎರಡೂ ಸಮನಾಗುವವರೆಗೆ ಎಲೆಕ್ಟ್ರಾನುಗಳ ಸರಿದಾಟ ನಿಲ್ಲದು. ಸಮನಾದ ಮೇಲೆ ಒಳಗೆ ಉಳಿಯುವ ಕ್ಷೇತ್ರ ಶೂನ್ಯ. ಒಳ್ಳೆಯ ಲೋಹದಲ್ಲಿ ಇದಕ್ಕೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ ಕಾಲ ಸಾಕು.

ಈ ಒಂದು ಮಾತಿನಿಂದ ಉಳಿದೆಲ್ಲ ನಿಯಮಗಳು ಹೊರಡುತ್ತವೆ. ಒಳಗೆ ಕ್ಷೇತ್ರವಿಲ್ಲವಾದ್ದರಿಂದ ಅಲ್ಲಿ ಹೆಚ್ಚುವರಿ ಆವೇಶವೂ ನಿಲ್ಲದು. ಇದ್ದುದೆಲ್ಲ ಹೊರಮೈಗೆ ಬರುತ್ತದೆ. ವಾಹಕದ ಎಲ್ಲ ಬಿಂದುಗಳಲ್ಲೂ ವಿದ್ಯುತ್ ವಿಭವ ಒಂದೇ ಆಗಿರುತ್ತದೆ. ಹೊರಮೈಗೆ ತಾಗಿದ ಕ್ಷೇತ್ರ ಯಾವಾಗಲೂ ಮೇಲ್ಮೈಗೆ ನೇರ ಲಂಬವಾಗಿರುತ್ತದೆ. ಓರೆಯಾಗಿದ್ದರೆ ಎಲೆಕ್ಟ್ರಾನುಗಳು ಮೇಲ್ಮೈಯಗುಂಟ ಮತ್ತೆ ಸರಿದು ಅದನ್ನು ಸರಿಪಡಿಸುತ್ತವೆ. ಗುಂಡು ಗಟ್ಟಿಯಾಗಿರಲಿ, ಪೊಳ್ಳಾಗಿರಲಿ, ಫಲಿತಾಂಶ ಒಂದೇ. ಪೊಳ್ಳಿನೊಳಗೆ ಬೇರೆ ಆವೇಶ ಇರಿಸದಿದ್ದಲ್ಲಿ ಅಲ್ಲಿಯೂ ಕ್ಷೇತ್ರ ಶೂನ್ಯ.

ಹೊರಮೈಯಲ್ಲಿ ನೆರೆಯುವ ಆವೇಶದ ಪ್ರಮಾಣ ಅಚ್ಚರಿ ಹುಟ್ಟಿಸುವಷ್ಟು ಅಲ್ಪ. 10 ಸೆಂಟಿಮೀಟರ್ ತ್ರಿಜ್ಯದ ಲೋಹದ ಗೋಳವು ಸುತ್ತಲಿನ ಗಾಳಿ ಸಿಡಿಯುವ ಮೊದಲು ಹೊರಬಲ್ಲ ಆವೇಶ ಸುಮಾರು 3.3 ಮೈಕ್ರೊಕೂಲಂ, ಅಂದರೆ ಸುಮಾರು 20 ಲಕ್ಷ ಕೋಟಿ ಎಲೆಕ್ಟ್ರಾನು. ಸಂಖ್ಯೆ ದೊಡ್ಡದೆನಿಸಿದರೂ ತಾಮ್ರದ ಗೋಳವಾದರೆ ಅದರ ಮೇಲ್ಪದರದ ಒಂದು ಲಕ್ಷ ಪರಮಾಣುಗಳಿಗೆ ಒಂದರಂತೆ ಮಾತ್ರ ಹೆಚ್ಚುವರಿ ಎಲೆಕ್ಟ್ರಾನು ಸಿಗುತ್ತದೆ. ಆಗಲೇ ಗೋಳದ ವಿಭವ 3 ಲಕ್ಷ ವೋಲ್ಟ್ ಮುಟ್ಟಿರುತ್ತದೆ.

ಬೆಳ್ಳಿಯ ಪಾತ್ರೆಯಿಂದ ವಿಶ್ವನಿಯಮಕ್ಕೆ

ಈ ಗುಣ ಮೊದಲು ಗಮನಕ್ಕೆ ಬಂದದ್ದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರಿಗೆ. 1755ರಲ್ಲಿ ಅವರು ಆವೇಶಗೊಳಿಸಿದ ಬೆಳ್ಳಿಯ ಪಾತ್ರೆಯೊಳಗೆ ದಾರದಲ್ಲಿ ಬೆಂಡಿನ ಚಿಕ್ಕ ಗುಂಡೊಂದನ್ನು ಇಳಿಬಿಟ್ಟರು. ಪಾತ್ರೆಯ ಹೊರಗೆ ಸೆಳೆತಕ್ಕೆ ಒಳಗಾಗುತ್ತಿದ್ದ ಆ ಗುಂಡು ಒಳಗೆ ಮಾತ್ರ ಯಾವ ಸೆಳೆತವನ್ನೂ ತೋರಲಿಲ್ಲ. ಫ್ರಾಂಕ್ಲಿನ್ ಅವರಿಗೆ ಇದರ ಕಾರಣ ಹೊಳೆಯಲಿಲ್ಲ. ಅವರ ಸ್ನೇಹಿತ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಇದನ್ನು ನ್ಯೂಟನ್ನರ ಗುರುತ್ವ ನಿಯಮದೊಂದಿಗೆ ಹೋಲಿಸಿದರು. ಪೊಳ್ಳು ಗೋಳದೊಳಗೆ ಗುರುತ್ವ ಬಲ ಶೂನ್ಯವಾಗಲು ಆ ಬಲ ದೂರದ ವರ್ಗಕ್ಕೆ ವಿಲೋಮವಾಗಿರುವುದೇ ಕಾರಣ. ಹಾಗಿದ್ದಲ್ಲಿ ವಿದ್ಯುತ್ ಬಲವೂ ಅದೇ ನಿಯಮ ಪಾಲಿಸುತ್ತಿರಬೇಕು ಎಂಬುದು ಅವರ ತರ್ಕ.

ಹೆನ್ರಿ ಕ್ಯಾವೆಂಡಿಶ್ 1770ರ ದಶಕದ ಆರಂಭದಲ್ಲಿ ಒಂದರೊಳಗೊಂದು ಇರಿಸಿದ ಎರಡು ಗೋಳಗಳಿಂದ ಇದನ್ನು ಅಳೆದರು. ಹೊರಗೋಳಕ್ಕೆ ಆವೇಶ ಕೊಟ್ಟು, ಎರಡನ್ನೂ ತಂತಿಯಿಂದ ಜೋಡಿಸಿ ಬಿಡಿಸಿದ ಬಳಿಕ ಒಳಗೋಳದಲ್ಲಿ ಆವೇಶವೇನೂ ಕಾಣಲಿಲ್ಲ. ವರ್ಗದ ಘಾತ 2ಕ್ಕಿಂತ ಐವತ್ತನೇ ಒಂದು ಭಾಗದಷ್ಟೂ ಆಚೀಚೆ ಇರಲಾರದು ಎಂದು ಅವರು ನಿರ್ಣಯಿಸಿದರಾದರೂ ಪ್ರಕಟಿಸಲಿಲ್ಲ. 1785ರಲ್ಲಿ ಫ್ರಾನ್ಸಿನ ಕೂಲಂ ತಿರುಚು ತಕ್ಕಡಿಯಿಂದ ಬಲವನ್ನು ನೇರವಾಗಿ ಅಳೆದು ನಿಯಮಕ್ಕೆ ತಮ್ಮ ಹೆಸರನ್ನು ಉಳಿಸಿಹೋದರು. ಕ್ಯಾವೆಂಡಿಶ್ ಅವರ ಕಾಗದಪತ್ರಗಳನ್ನು ಮ್ಯಾಕ್ಸ್‌ವೆಲ್ ಬೆಳಕಿಗೆ ತಂದದ್ದು 1879ರಲ್ಲಿ. ಪೊಳ್ಳು ವಾಹಕದೊಳಗೆ ಕ್ಷೇತ್ರವಿದೆಯೇ ಎಂದು ಹುಡುಕುವ ಈ ವಿಧಾನ ಎಷ್ಟು ಸೂಕ್ಷ್ಮವೆಂದರೆ, 1971ರಲ್ಲಿ ಅಮೆರಿಕದಲ್ಲಿ ನಡೆದ ಇಂಥದೇ ಪ್ರಯೋಗದಲ್ಲಿ ದಶಮಾಂಶದ ನಂತರದ 15ನೇ ಸ್ಥಾನದವರೆಗೂ ಘಾತದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಫ್ಯಾರಡೆಯ ಪಂಜರ

ಈ ಶೂನ್ಯವನ್ನು ಕಣ್ಣಾರೆ ತೋರಿಸಿದವರು ಮೈಕೆಲ್ ಫ್ಯಾರಡೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1836ರಲ್ಲಿ ಅವರು 12 ಅಡಿ ಉದ್ದ, ಅಗಲ, ಎತ್ತರದ ಚೌಕಟ್ಟು ಕಟ್ಟಿಸಿ, ಅದಕ್ಕೆ ತಂತಿ ಹಾಗೂ ಲೋಹದ ಹಾಳೆ ಹೊದಿಸಿ, ಬಲವಾದ ವಿದ್ಯುತ್ ಯಂತ್ರದಿಂದ ಆವೇಶಗೊಳಿಸಿದರು. ಹೊರಮೈಯಿಂದ ಕಿಡಿಗಳು ಹಾರುತ್ತಿದ್ದರೂ ಒಳಗೆ ಕುಳಿತ ಫ್ಯಾರಡೆಯವರ ಸೂಕ್ಷ್ಮ ಮಾಪಕಗಳು ಅಲುಗಲಿಲ್ಲ. ಕವಚ ಸಂಪೂರ್ಣ ಮುಚ್ಚಿರಬೇಕೆಂದಿಲ್ಲ, ಬಲೆಯಂತಿದ್ದರೂ ಸಾಕು ಎಂಬುದು ಇದರ ಪ್ರಾಯೋಗಿಕ ಮಹತ್ವ. ಇಂದಿಗೂ ಅದು ಫ್ಯಾರಡೆ ಪಂಜರವೆಂದೇ ಹೆಸರಾಗಿದೆ.

ಆದರೆ ರಕ್ಷಣೆ ಎರಡೂ ದಿಕ್ಕಿಗೆ ತಾನಾಗಿ ದೊರೆಯದು. 1843ರಲ್ಲಿ ಫ್ಯಾರಡೆ ಲೋಹದ ಬಕೆಟ್ಟಿನೊಳಗೆ ಆವೇಶಗೊಂಡ ಗುಂಡನ್ನು ಇಳಿಬಿಟ್ಟಾಗ, ಗುಂಡು ಬಕೆಟ್ಟನ್ನು ಮುಟ್ಟದಿದ್ದರೂ ಹೊರಮೈಯಲ್ಲಿ ಅಷ್ಟೇ ಪ್ರಮಾಣದ ಆವೇಶ ಪ್ರಕಟವಾಯಿತು. ಹೊರಗಿನದು ಒಳಗೆ ಬಾರದಂತೆ ತಡೆಯಲು ಲೋಹದ ಕವಚವೊಂದೇ ಸಾಕು. ಒಳಗಿನದು ಹೊರಗೆ ಕಾಣದಂತೆ ಮಾಡಲು ಕವಚವನ್ನು ನೆಲಕ್ಕೂ ಜೋಡಿಸಬೇಕು.

ಕವಚದೊಳಗೆ ಸುರಕ್ಷಿತ ಎಂದರೆ ಅಲ್ಲಿ ವೋಲ್ಟೇಜ್ ಇಲ್ಲವೆಂದು ಅರ್ಥವಲ್ಲ. ಕೆರೆಯ ನೀರು ಎಷ್ಟೇ ಎತ್ತರದಲ್ಲಿರಲಿ, ಮಟ್ಟ ಸಮನಾಗಿದ್ದರೆ ಹರಿಯದು. ಹಾಗೆಯೇ ಅಪಾಯ ವಿಭವದ ಎತ್ತರದಲ್ಲಿಲ್ಲ, ಎರಡು ಬಿಂದುಗಳ ನಡುವಿನ ವ್ಯತ್ಯಾಸದಲ್ಲಿದೆ. ವಿದ್ಯುತ್ ಪ್ರವಹಿಸುತ್ತಿರುವಾಗಲೇ 400 ಕಿಲೋವೋಲ್ಟ್ ಮಾರ್ಗಗಳನ್ನು ದುರಸ್ತಿ ಮಾಡುವ ಕೆಲಸಗಾರರು ಲೋಹದ ಎಳೆಗಳನ್ನು ನೇಯ್ದ ಉಡುಪು ತೊಟ್ಟು, ಅದನ್ನು ತಂತಿಗೇ ಜೋಡಿಸಿಕೊಳ್ಳುತ್ತಾರೆ. ಉಡುಪೇ ಅವರ ಪಂಜರ. ನೆಲದಿಂದ ಅವರನ್ನು ಬೇರ್ಪಡಿಸುವ ಅವಾಹಕ ಏಣಿಯೋ ವೇದಿಕೆಯೋ ಇರುವವರೆಗೆ ದೇಹದ ಮೂಲಕ ಅಪಾಯಕರ ಪ್ರವಾಹ ಹಾಯದು. ಈ ಬಗೆಯ ಕೆಲಸಕ್ಕೆ ತರಬೇತಿ ನೀಡಲೆಂದೇ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಹಾಟ್‌ಲೈನ್ ತರಬೇತಿ ಕೇಂದ್ರ ಬೆಂಗಳೂರಿನಲ್ಲಿದೆ.

ಮೊನೆಯ ಮಹಿಮೆ

ಆವೇಶ ಹೊರಮೈಯಲ್ಲಿ ನೆಲೆಸುತ್ತದೆಯಾದರೂ ಎಲ್ಲೆಡೆ ಸಮನಾಗಿ ಹರಡುವುದಿಲ್ಲ. 10 ಸೆಂಟಿಮೀಟರ್ ಮತ್ತು 1 ಸೆಂಟಿಮೀಟರ್ ತ್ರಿಜ್ಯದ ಎರಡು ಗೋಳಗಳನ್ನು ದೂರದಲ್ಲಿಟ್ಟು ತಂತಿಯಿಂದ ಜೋಡಿಸಿದರೆ ಎರಡರ ವಿಭವವೂ ಒಂದೇ ಆಗುತ್ತದೆ. ಆದರೆ ಚಿಕ್ಕ ಗೋಳದ ಮೇಲ್ಮೈಯಲ್ಲಿ ಕ್ಷೇತ್ರ ಹತ್ತು ಪಟ್ಟು ಪ್ರಬಲ. ಮೈ ಎಷ್ಟು ಚೂಪೋ ಕ್ಷೇತ್ರ ಅಷ್ಟು ತೀವ್ರ. ಸಾಮಾನ್ಯ ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಮೀರಿದರೆ ಅವಾಹಕವಾಗಿ ಉಳಿಯಲಾರದು. ಮೊನೆಯ ಬಳಿ ಈ ಮಿತಿ ಬೇಗ ಮೀರುವುದರಿಂದಲೇ ಅಲ್ಲಿ ನಸುನೀಲಿ ಹೊಳಪು, ಚಿಟಪಟ ಸದ್ದು ಕಾಣಿಸಿಕೊಳ್ಳುತ್ತದೆ.

ಫ್ರಾಂಕ್ಲಿನ್ ಅವರ ಸಿಡಿಲುವಾಹಕದ ಕಲ್ಪನೆಗೆ ಮೂಲ ಈ ಗುಣವೇ. ಚೂಪಾದ ಸರಳು ಮೋಡದ ಆವೇಶವನ್ನು ಸದ್ದಿಲ್ಲದೆ ಬಸಿದು ಸಿಡಿಲನ್ನೇ ತಪ್ಪಿಸಬಹುದು ಎಂಬುದು ಅವರ ಆರಂಭದ ನಿರೀಕ್ಷೆ. ಅದು ನಿಜವಾಗಲಿಲ್ಲ, ಮೋಡದ ಆವೇಶದ ಮುಂದೆ ಒಂದು ಸರಳು ಬಸಿಯುವುದು ನಗಣ್ಯ. ಸಿಡಿಲುವಾಹಕದ ನಿಜವಾದ ಕೆಲಸ ಹೊಡೆತವನ್ನು ತನ್ನ ಮೇಲೆ ತೆಗೆದುಕೊಂಡು, ಕಟ್ಟಡವನ್ನು ಬಿಟ್ಟು ನೆಲಕ್ಕೆ ಒಯ್ಯುವುದು. ಸರಳಿನ ತುದಿ ಚೂಪಾಗಿರಬೇಕೆ, ಮೊಂಡಾಗಿರಬೇಕೆ ಎಂಬ ವಾದ 1770ರ ದಶಕದಲ್ಲಿ ಲಂಡನ್ನಿನಲ್ಲಿ ಅರಮನೆಯವರೆಗೂ ಹೋಗಿತ್ತು. ಅಮೆರಿಕದ ನ್ಯೂ ಮೆಕ್ಸಿಕೊದ ಪರ್ವತವೊಂದರ ಮೇಲೆ ಹಲವು ವರ್ಷ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಡಿಲನ್ನು ಬರಮಾಡಿಕೊಂಡದ್ದು ತುಸು ಮೊಂಡಾದ ತುದಿಯ ಸರಳುಗಳು. ಪಕ್ಕದಲ್ಲಿದ್ದ ಚೂಪು ಸರಳುಗಳಿಗೆ ಸಿಡಿಲು ಬಡಿಯಲಿಲ್ಲ.

ಪ್ರವಾಹ ಹರಿಯುವಾಗ

ಒಳಗೆ ಕ್ಷೇತ್ರ ಶೂನ್ಯ ಎಂಬ ನಿಯಮ ಆವೇಶಗಳು ನೆಲೆಗೊಂಡ ಸ್ಥಿತಿಗೆ ಮಾತ್ರ ಅನ್ವಯ. ಬ್ಯಾಟರಿಯೋ ಜನರೇಟರೋ ವಾಹಕದ ಎರಡು ತುದಿಗಳ ನಡುವೆ ವಿಭವ ವ್ಯತ್ಯಾಸವನ್ನು ಕಾಯ್ದುಕೊಂಡರೆ ಎಲೆಕ್ಟ್ರಾನುಗಳಿಗೆ ಸಮಸ್ಥಿತಿ ದೊರೆಯದೆ ಪ್ರವಾಹ ಮುಂದುವರಿಯುತ್ತದೆ, ತಂತಿಯೊಳಗೆ ಕ್ಷೇತ್ರ ಉಳಿಯುತ್ತದೆ. ಆದರೂ ಅದು ಅತ್ಯಲ್ಪ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯಲು ಮೀಟರಿಗೆ ವೋಲ್ಟಿನ ನೂರನೇ ಎರಡು ಭಾಗಕ್ಕಿಂತ ಕಡಿಮೆ ಕ್ಷೇತ್ರ ಸಾಕು.

ಆ ತಂತಿಯಲ್ಲಿ ಎಲೆಕ್ಟ್ರಾನುಗಳು ಸರಾಸರಿ ಮುಂದೆ ಸರಿಯುವುದು ಗಂಟೆಗೆ ಸುಮಾರು 26 ಸೆಂಟಿಮೀಟರ್ ಮಾತ್ರ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಸಲಾಯಿತು. ಎಲೆಕ್ಟ್ರಾನುಗಳೇ ಈ ವೇಗದಲ್ಲಿ ನಡೆದು ಅದನ್ನು ಮುಟ್ಟಿಸಬೇಕಿದ್ದರೆ 60 ವರ್ಷಕ್ಕೂ ಹೆಚ್ಚು ಹಿಡಿಯುತ್ತಿತ್ತು. ವಾಸ್ತವದಲ್ಲಿ ಪರ್ಯಾಯ ಪ್ರವಾಹದಲ್ಲಿ ಅವು ಇದ್ದಲ್ಲೇ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅಂತರದಲ್ಲಿ ಹಿಂದು ಮುಂದಾಗುತ್ತವೆ. ಗುಂಡಿ ಒತ್ತಿದೊಡನೆ ದೀಪ ಬೆಳಗುವುದು ತಂತಿಯಗುಂಟ ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಕ್ಷೇತ್ರ ಹಬ್ಬುವುದರಿಂದ.

ವೇಗವಾಗಿ ಬದಲಾಗುವ ಕ್ಷೇತ್ರಗಳು ಲೋಹದೊಳಗೆ ಹೆಚ್ಚು ಆಳಕ್ಕೆ ಇಳಿಯವು. ತಾಮ್ರದಲ್ಲಿ ಈ ಆಳ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಆವರ್ತನಕ್ಕೆ ಸುಮಾರು 9 ಮಿಲಿಮೀಟರ್ ಇದ್ದರೆ, 10 ಲಕ್ಷ ಹರ್ಟ್ಸ್‌ಗೆ 1 ಮಿಲಿಮೀಟರಿನ ಹದಿನೈದನೇ ಒಂದು ಭಾಗ. ಸಿಡಿಲಿನ ಪ್ರವಾಹ ಕ್ಷಣಮಾತ್ರದಲ್ಲಿ ಏರಿಳಿಯುವುದರಿಂದ ಅದೂ ಹೊರಮೈಯಲ್ಲೇ ಹರಿಯಬಯಸುತ್ತದೆ. ಮೈಕ್ರೊವೇವ್ ಒಲೆಯ ಬಾಗಿಲಿನ ತೂತುಳ್ಳ ಲೋಹದ ಹಾಳೆ ಬೆಳಕನ್ನು ಬಿಟ್ಟು ಒಲೆಯ ತರಂಗವನ್ನು ತಡೆಯುವುದಕ್ಕೆ ತೂತಿನ ಗಾತ್ರ ಕಾರಣ: ಆ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್, ತೂತು ಒಂದೆರಡು ಮಿಲಿಮೀಟರ್. ಲಿಫ್ಟಿನ ಬಾಗಿಲು ಮುಚ್ಚಿದೊಡನೆ ಮೊಬೈಲ್ ಸಂಕೇತ ಕುಗ್ಗುವುದಕ್ಕೂ ಲೋಹದ ಕವಚವೇ ಕಾರಣ. ಆದರೆ ಸ್ಥಿರವಾದ ಕಾಂತಕ್ಷೇತ್ರವನ್ನು ತಾಮ್ರದ ಪಂಜರ ತಡೆಯದು. ದಿಕ್ಸೂಚಿ ಅದರೊಳಗೂ ಉತ್ತರವನ್ನೇ ತೋರುತ್ತದೆ.

ಪಂಜರದ ಮಿತಿಗಳು

ಪ್ರಯಾಣಿಕರ ವಿಮಾನಗಳಿಗೆ ಸಿಡಿಲು ಬಡಿಯುವುದು ಅಪರೂಪವಲ್ಲ. ಅಲ್ಯೂಮಿನಿಯಂ ಮೈಯಗುಂಟ ಪ್ರವಾಹ ಹರಿದು ಹೋಗುವುದರಿಂದ ಒಳಗಿರುವವರಿಗೆ ತೊಂದರೆಯಾಗದು. ಆದರೆ 1963ರ ಡಿಸೆಂಬರ್ 8ರಂದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲ್ಕ್‌ಟನ್ ಬಳಿ ಸಿಡಿಲು ಬಡಿದ ಪ್ಯಾನ್ ಆಮ್ ವಿಮಾನದ ಇಂಧನ ತೊಟ್ಟಿಯ ಆವಿ ಹೊತ್ತಿಕೊಂಡು 81 ಮಂದಿ ಸತ್ತರು. ಪಂಜರ ತನ್ನೊಳಗಿನ ಕ್ಷೇತ್ರವನ್ನು ಅಳಿಸಿದರೂ ಸಂದು, ಕೀಲುಗಳಲ್ಲಿ ಹುಟ್ಟುವ ಒಂದು ಕಿಡಿ ಸಾಕು ಎಂಬುದು ಈ ದುರಂತದ ಪಾಠ. ಇಂಗಾಲದ ನಾರಿನ ಮೈಯುಳ್ಳ ಹೊಸ ವಿಮಾನಗಳಿಗೆ ಲೋಹದಷ್ಟು ವಾಹಕತೆ ಇಲ್ಲದ ಕಾರಣ ಮೇಲ್ಪದರದಲ್ಲಿ ತೆಳುವಾದ ಲೋಹದ ಬಲೆಯನ್ನು ಹುದುಗಿಸಲಾಗುತ್ತದೆ.

ಕಟ್ಟಡಗಳಲ್ಲಿಯೂ ಇದೇ ಎಚ್ಚರ ಬೇಕು. ಸಾಮಾನ್ಯ ಸಿಡಿಲಿನ ಪ್ರವಾಹ ಸುಮಾರು 30 ಸಾವಿರ ಆಂಪಿಯರ್. ಭೂಸಂಪರ್ಕದ ರೋಧ 10 ಓಮ್ ಇದ್ದರೆ ಆ ಕ್ಷಣಕ್ಕೆ ಸಿಡಿಲುವಾಹಕದ ವಿಭವ 3 ಲಕ್ಷ ವೋಲ್ಟ್‌ಗೆ ಏರುತ್ತದೆ. ಪಕ್ಕದಲ್ಲಿ ಬೇರೆ ಭೂಸಂಪರ್ಕವುಳ್ಳ ನೀರಿನ ಕೊಳವೆಯೋ ಕೇಬಲ್ಲೋ ಇದ್ದರೆ ನಡುವಿನ ಗಾಳಿಯನ್ನು ಭೇದಿಸಿ ಕಿಡಿ ಹಾರುತ್ತದೆ. ಆದುದರಿಂದ ಚಾವಣಿಯ ಮೇಲೆ ಸರಳು ನೆಟ್ಟರೆ ಸಾಲದು. ನೆಲಕ್ಕಿಳಿಯುವ ವಾಹಕ ಪಟ್ಟಿ ಹಾಗೂ ಭೂಸಂಪರ್ಕ ಸರಿಯಿರಬೇಕು. ಲೋಹದ ಕೊಳವೆ, ಕಂಬಿ, ವಿದ್ಯುತ್ ಮಂಡಲದ ಭೂಸಂಪರ್ಕ ಎಲ್ಲವನ್ನೂ ಪರಸ್ಪರ ಜೋಡಿಸಿರಬೇಕು. ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ನಡುವೆ ವ್ಯತ್ಯಾಸವಿರದು, ಕಿಡಿಯೂ ಹಾರದು.

ಸಿಡಿಲಿನ ಪ್ರವಾಹಕ್ಕೆ ನೆಲವೂ ಒಂದು ವಾಹಕವೇ, ಆದರೆ ಬಡ ವಾಹಕ. ಪ್ರವಾಹ ಹರಡುವಾಗ ಅದರೊಳಗೆ ಪ್ರಬಲ ಕ್ಷೇತ್ರ ಏಳುತ್ತದೆ. 100 ಓಮ್-ಮೀಟರ್ ರೋಧತೆಯ ಮಣ್ಣಿಗೆ 30 ಸಾವಿರ ಆಂಪಿಯರ್ ಇಳಿದರೆ, 10 ಮೀಟರ್ ದೂರದಲ್ಲಿ ಒಂದು ಮೀಟರ್ ಅಂತರದ ಎರಡು ಹೆಜ್ಜೆಗಳ ನಡುವೆ ಸುಮಾರು 4,300 ವೋಲ್ಟ್ ವ್ಯತ್ಯಾಸ ಉಂಟಾಗುತ್ತದೆಂದು ಲೆಕ್ಕ ತೋರಿಸುತ್ತದೆ. 50 ಮೀಟರ್ ದೂರದಲ್ಲಿ ಅದು 200 ವೋಲ್ಟ್‌ಗಿಂತ ಕೆಳಗಿಳಿಯುತ್ತದೆ. ಮರದ ಕೆಳಗೆ ನಿಂತ ದನಗಳು ಒಂದೇ ಸಿಡಿಲಿಗೆ ಹಿಂಡಾಗಿ ಸಾಯುವುದು ಇದರಿಂದ. ಮುಂಗಾಲು ಹಿಂಗಾಲುಗಳ ಅಂತರ ಹೆಚ್ಚಿರುವುದಷ್ಟೇ ಅಲ್ಲ, ಪ್ರವಾಹ ಅವುಗಳ ಎದೆಯ ಮೂಲಕವೇ ಹಾಯುತ್ತದೆ.

ನೆನಪಿಡಬೇಕಾದ ಸಂಗತಿಗಳು

ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಪಕ್ಕಾ ಕಟ್ಟಡ ಅಥವಾ ಲೋಹದ ಚಾವಣಿಯ ಮುಚ್ಚಿದ ವಾಹನ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು.

ಕಾರಿನಲ್ಲಿ ಕಿಟಕಿ ಏರಿಸಿ, ಲೋಹದ ಭಾಗಗಳನ್ನು ಮುಟ್ಟದೆ ಕುಳಿತಿರಬೇಕು. ಆಟೋರಿಕ್ಷಾ, ದ್ವಿಚಕ್ರ ವಾಹನ, ಬಟ್ಟೆಯ ಚಾವಣಿಯ ವಾಹನಗಳು ಪಂಜರವಾಗಲಾರವು. ನಾಲ್ಕು ಕಂಬದ ಮೇಲಿನ ತಗಡಿನ ಚಾವಣಿ, ಬದಿ ತೆರೆದ ಬಸ್ ತಂಗುದಾಣ, ಹೊಲದ ಗುಡಿಸಲು ಸುರಕ್ಷಿತವಲ್ಲ.

ಮನೆಯೊಳಗೆ ತಂತಿಯುಳ್ಳ ದೂರವಾಣಿ, ಚಾರ್ಜರಿಗೆ ಸಿಕ್ಕಿಸಿದ ಮೊಬೈಲ್, ನಲ್ಲಿ, ಲೋಹದ ಕಿಟಕಿ ಸರಳುಗಳಿಂದ ದೂರವಿರಬೇಕು. ತಂತಿಗೆ ಜೋಡಿಸದ ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಬಯಲಿನಲ್ಲಿ ಸಿಲುಕಿ ಬೇರೆ ದಾರಿಯೇ ಇಲ್ಲದಾಗ ಒಂಟಿ ಮರದಿಂದ ದೂರ ಸರಿದು, ಎರಡೂ ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ನೆಲದ ಮೇಲೆ ಮಲಗಬಾರದು. ಗುಂಪಾಗಿದ್ದವರು ಚದುರಬೇಕು.

ಸಿಡಿಲು ಬಡಿದವರ ದೇಹದಲ್ಲಿ ವಿದ್ಯುತ್ ಉಳಿದಿರುತ್ತದೆ, ಮುಟ್ಟಬಾರದು ಎಂಬ ಭಯ ಹಲವರಲ್ಲಿದೆ. ವಾಹಕದ ನಿಯಮವನ್ನು ಅರಿತವರಿಗೆ ಇದು ನಿರಾಧಾರವೆಂದು ತಿಳಿಯುತ್ತದೆ: ನೆಲದ ಮೇಲಿರುವ ದೇಹವೂ ವಾಹಕವೇ ಆಗಿದ್ದು ಆವೇಶ ಕ್ಷಣದಲ್ಲೇ ನೆಲ ಸೇರಿರುತ್ತದೆ. ಉಸಿರಾಟ, ಹೃದಯ ಬಡಿತ ನಿಂತಿದ್ದರೆ ತಡಮಾಡದೆ ಎದೆಯೊತ್ತುವ ಪ್ರಥಮ ಚಿಕಿತ್ಸೆ ಆರಂಭಿಸಿ, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಬೇಕು. ಸಿಡಿಲು ಬಡಿದ ಎಲ್ಲರೂ ಸಾಯುವುದಿಲ್ಲ. ಮುಟ್ಟಲು ಹೆದರಿ ಕಳೆದ ನಿಮಿಷಗಳಲ್ಲಿ, ಬದುಕಬಹುದಾಗಿದ್ದ ಜೀವವೂ ಹೋಗಬಹುದು.